ಹದಿನೈದನೇ ಹೆಲ್ಮೆಟ್ಟಿನ ಭಯ

ಹದಿನಾಲ್ಕನೇ ಹೆಲ್ಮೆಟ್ಟಿನ ಭಯ ಆ ದಿನ ಹದಿನೆಂಟು ಇತ್ತು.

ಶಶಿಕಲಾ ಕಂಟ್ರೋಲ್ ರೂಮಿನ ಪರದೆಯ ಮೇಲಿನ ಹಸಿರು ಗೆರೆ ನೋಡಿ, ಇದು ನನ್ನ ಗಂಡನದು ಎಂದುಕೊಂಡಳು. ನೂರಕ್ಕೆ ಹದಿನೆಂಟು. ಗಜೇಂದ್ರಗಡದ ಆಚೆಯ ಗುಡ್ಡದಲ್ಲಿ, ಗಾಳಿಯಂತ್ರದ ತುದಿಯ ಡಬ್ಬಿಯ ಮೇಲೆ ಕೂತು ಬೋಲ್ಟು ಬಿಗಿಯುತ್ತಿದ್ದ ಮನುಷ್ಯನಿಗೆ, ಬಸ್ ನಿಲ್ದಾಣದಲ್ಲಿ ಪೇಪರ್ ಓದುತ್ತ ಕೂತವನಿಗೆ ಇರುವಷ್ಟು ಭಯ. ಆ ಅಂಕಿ ಅವಳಿಗೆ ನೆಮ್ಮದಿ ಕೊಡಬೇಕಿತ್ತು.

ಸಂಜೆ ಮನೆಯಲ್ಲಿ ಕುಕ್ಕರ್ ಸೀಟಿ ಹೊಡೆಯಿತು. ಕಳಕಪ್ಪ ಚಹಾದ ಬಸಿಯನ್ನು ಕೈಬಿಟ್ಟ.

"ಏನಾತ್ರಿ?"

"ಏನಿಲ್ಲ. ಕೈ ಜಾರಿತು."

"ಕುಕ್ಕರಿಗೆ ಅಂಜಿದ್ರಿ."

"ಕುಕ್ಕರಿಗೆ ಯಾಂವ ಅಂಜತಾನ? ಅದರೊಳಗಿನ ನಿನ್ನ ಬ್ಯಾಳಿಗೆ ಅಂಜಬೇಕಷ್ಟ."

ಅವನು ನಕ್ಕ. ಅವಳು ನಗಲಿಲ್ಲ. ಬಸಿಯ ಚೂರು ಆರಿಸುತ್ತ ಅವನ ಪಾದಗಳನ್ನು ನೋಡಿದಳು. ಹೆಬ್ಬೆರಳುಗಳು ನೆಲವನ್ನು ಒತ್ತಿ ಹಿಡಿದಿದ್ದವು. ಮೊನ್ನೆ ಅತ್ತೆ ನೀಲವ್ವ, ಮಾಳಿಗೆ ಮೇಲಿನ ಮೆಣಸಿನಕಾಯಿ ತಗೊಂಡು ಬಾರಪ್ಪ ಎಂದಾಗ ಇದೇ ಮನುಷ್ಯ ಮೊಣಕಾಲು ನೋವು ಎಂದಿದ್ದ. ಹೋದ ವರ್ಷದವರೆಗೆ ಅದೇ ಮಾಳಿಗೆಯ ಅಂಚಿನ ಮೇಲೆ ಕಾಲು ಇಳಿಬಿಟ್ಟು ಶೇಂಗಾ ತಿನ್ನುತ್ತಿದ್ದವನು.

ಪರದೆ ಸುಳ್ಳು ಹೇಳುತ್ತಿರಬೇಕು, ಇಲ್ಲವೇ ಗಂಡ. ಯಾರಿಗೆ ಅದರಿಂದ ಏನು ಲಾಭ ಎಂಬುದು ಶಶಿಕಲಾಗೆ ಹೊಳೆಯಲಿಲ್ಲ. ಹೊಳೆಯದ್ದರಿಂದಲೇ ಅನುಮಾನ ಬಲಿಯಿತು.

*

ಭಯಕ್ಕೆ ಅಂಕಿ ಬಂದದ್ದು ಯುಗಾದಿಯ ಹೊತ್ತಿಗೆ. ತಂದವರು ಡಾಕ್ಟರ್ ಭಾರ್ಗವಿ, ಮೈಸೂರಿನ ಕಡೆಯ ನರವಿಜ್ಞಾನಿ. ಕಂಪನಿಯ ಕ್ಯಾಂಟೀನಿನಲ್ಲಿ ಕೆಲಸಗಾರರನ್ನೆಲ್ಲ ಕೂರಿಸಿ ಅವರು ಹೇಳಿದ್ದು ಇಷ್ಟು:

"ಜೋಕಾಲಿ ಜೋರಾಗಿ ಜೀಕಿದಾಗ ಎದೆ ಹೊಡ್ಕೊಳುತ್ತೆ ಅಲ್ವಾ? ನಾಯಿ ಅಟ್ಟಿಸ್ಕೊಂಡು ಬಂದಾಗಲೂ ಹೊಡ್ಕೊಳುತ್ತೆ. ಎದೆಗೆ ಎರಡೂ ಒಂದೇ. ಒಂದನ್ನ ಮಜಾ ಅನ್ನೋದು, ಇನ್ನೊಂದನ್ನ ಭಯ ಅನ್ನೋದು ಮಿದುಳು. ನಾವು ಎದೆಯನ್ನ ಮುಟ್ಟಲ್ಲ. ಮಿದುಳು ಇಡೋ ಹೆಸರನ್ನ ಮಾತ್ರ ಬದಲಾಯಿಸ್ತೀವಿ."

ಹೆಲ್ಮೆಟ್ಟಿನ ಪಟ್ಟಿಯಲ್ಲಿ, ಕಿವಿಗೆ ತಾಗುವಂತೆ, ಎರಡು ಸಣ್ಣ ಬಿಲ್ಲೆಗಳಿದ್ದವು. ಒಂದು ಎದೆಬಡಿತವನ್ನೂ ಚರ್ಮದ ಬೆವರನ್ನೂ ಓದಿ ಅಂಕಿ ಕಳಿಸುತ್ತದೆ. ಇನ್ನೊಂದು, ಎದೆಯ ಸುದ್ದಿಯನ್ನು ಮಿದುಳಿಗೆ ಒಯ್ಯುವ ನರದ ಒಂದು ಎಳೆಯನ್ನು ಕಿವಿಯ ಹತ್ತಿರ, ಎರಡು ಬಡಿತಗಳ ನಡುವೆ, ಮೆಲ್ಲಗೆ ಮುಟ್ಟುತ್ತದೆ. ಸುದ್ದಿ ತಲುಪುತ್ತದೆ. ಆದರೆ ಸ್ವಲ್ಪ ತಡವಾಗಿ, ನಗುತ್ತ ತಲುಪುತ್ತದೆ. ಹೆದರದ ಮಿದುಳು ಎದೆಯನ್ನು ಇನ್ನಷ್ಟು ಓಡಿಸುವುದಿಲ್ಲ, ಹಾಗಾಗಿ ಅಂಕಿಯೂ ಇಳಿಯುತ್ತದೆ.

"ಹಂಗಾರ ಮೇಡಂ," ಎಂದು ಕಂಬ ಹತ್ತುವಾಗಿನ ಕಳಕಪ್ಪನ ಜೋಡಿ ದಾವಲಸಾಬ ಎದ್ದು ನಿಂತಿದ್ದ, "ಮನ್ಯಾಗ ಹಾಕ್ಕೊಳ್ಳಾಕ ಒಂದು ಟೋಪಿ ಕೊಡ್ರಿ. ನಮ್ಮಕಿ ಮುಂದ ನನಗ ನೂರಕ್ಕ ನೂರು ಬರತೈತಿ."

ಕ್ಯಾಂಟೀನು ನಕ್ಕಿತ್ತು. ಭಾರ್ಗವಿಯೂ ನಕ್ಕಿದ್ದರು. ಕಂಪನಿ ಇಷ್ಟೆಲ್ಲ ಯಾಕೆ ಮಾಡುತ್ತಿದೆ ಎಂಬುದು ನಕ್ಕವರಿಗೂ ಗೊತ್ತಿತ್ತು. ಗಾಳಿಯಂತ್ರ ಹತ್ತುವವರಲ್ಲಿ ಒಂದು ರೂಢಿಯಿತ್ತು. ಕಂಬದ ಬುಡದಲ್ಲಿ ನಿಂತಾಗ ಜೋಡಿಯಲ್ಲಿ ಯಾರಾದರೂ ಒಬ್ಬ 'ಇವತ್ತ ಒಲ್ಲೆ' ಅಂದರೆ ಇಬ್ಬರೂ ವಾಪಸ್. ಯಾಕೆ ಎಂದು ಕೇಳುವಂತಿಲ್ಲ. ಹೊಟ್ಟೆನೋವಿರಬಹುದು, ಕೆಟ್ಟ ಕನಸಿರಬಹುದು, ಹೇಳಲಾಗದ್ದು ಏನೋ ಇರಬಹುದು. ಯಂತ್ರ ಮಾತ್ರ ಅಂದು ನಿಂತೇ ಇರುತ್ತಿತ್ತು. ಕಂಪನಿಗೆ ಆ ಒಂದು ಮಾತು ಬೇಡವಾಗಿತ್ತು.

ಬೇಡವಾದದ್ದು ಹೋಯಿತು ಕೂಡ. ಹೆಲ್ಮೆಟ್ಟುಗಳು ಬಂದಮೇಲೆ ಯಾರೂ 'ಒಲ್ಲೆ' ಅನ್ನಲಿಲ್ಲ. ಆಫೀಸಿನವರು ಖುಷಿಯಾಗಿ, ಹತ್ತಲು ಅನುಮತಿಯಿರುವ ಗಾಳಿಯ ವೇಗದ ಮಿತಿಯನ್ನು ಏರಿಸಿದರು. ಆಮೇಲೆ ಇನ್ನೊಮ್ಮೆ ಏರಿಸಿದರು.

ಇದು ಪ್ರಯೋಗವಾದ್ದರಿಂದ ಪ್ರತಿ ಜೋಡಿಯಲ್ಲಿ ಒಂದೇ ಹೆಲ್ಮೆಟ್ ನಿಜವಾದದ್ದು. ಇನ್ನೊಂದರಲ್ಲಿ ಓದುವ ಬಿಲ್ಲೆ ಇರುತ್ತದೆ, ಮುಟ್ಟುವ ಬಿಲ್ಲೆ ಖಾಲಿ. ಇದು ಕಂಟ್ರೋಲ್ ರೂಮಿನವರಿಗೆ ಗೊತ್ತಿತ್ತು, ಹತ್ತುವವರಿಗೆ ಹೇಳಿರಲಿಲ್ಲ; ಯಾವುದು ಯಾವುದೆಂದು ಭಾರ್ಗವಿಗೂ ತಿಳಿಸಿರಲಿಲ್ಲ. ಶಶಿಕಲಾ ಮಾತ್ರ ತನ್ನಷ್ಟಕ್ಕೆ ಲೆಕ್ಕ ಹಾಕಿದ್ದಳು. ಹದಿನಾಲ್ಕು ಕಳಕಪ್ಪನ ಹೆಸರಿನದು, ಯಾವಾಗಲೂ ತಣ್ಣಗೆ. ಹದಿನೈದು ದಾವಲನದು, ಎಪ್ಪತ್ತು, ಎಂಬತ್ತು ಮುಟ್ಟುತ್ತದೆ. ಪಾಪ, ದಾವಲನಿಗೆ ಖಾಲಿ ಟೋಪಿ ಸಿಕ್ಕಿದೆ. ಅವನಿಗೆಂದು ಗಂಡನ ಡಬ್ಬಿಯಲ್ಲಿ ಎರಡು ರೊಟ್ಟಿ ಹೆಚ್ಚಿಗೆ ಇಡತೊಡಗಿದ್ದಳು.

*

ಆ ಪಾಪದ ದಾವಲ ಭಾನುವಾರ ಬೈಕಿನ ಮೇಲೆ ಬಂದ, ಹಿಂದೆ ಕಳಕಪ್ಪನನ್ನು ಕೂರಿಸಿಕೊಂಡು. ಇಳಿಜಾರಿನಲ್ಲಿ ಹ್ಯಾಂಡಲ್ ಬಿಟ್ಟು ಎರಡೂ ಕೈ ಚಾಚಿದ್ದ. ಬಾಗಿಲಲ್ಲಿ ನಿಂತಿದ್ದ ಶಶಿಕಲಾ ಕಣ್ಣಾರೆ ನೋಡಿದಳು. ಮೊದಲೆಲ್ಲ ರೈಲ್ವೆ ಗೇಟು ತೆರೆದಿದ್ದರೂ ಬೈಕಿನಿಂದ ಇಳಿದು ಎಡಬಲ ನೋಡುತ್ತಿದ್ದವನು ಈ ದಾವಲ.

ಕಳಕಪ್ಪ ಇಳಿದು, ಮಾತಾಡದೆ ಒಳಗೆ ಹೋಗಿ, ಒಂದು ತಂಬಿಗೆ ನೀರು ಕುಡಿದ.

"ವೈನಿ," ಎಂದ ದಾವಲ, "ಮ್ಯಾಲ ಏನ್ ಮಜಾ ಅಂತೀರಿ! ಗಾಳಿ ಬಂದು ಹಿಂಗ್ ಎತ್ತಿದ್ರ, ಬಿಡು, ಹಾರಿಬಿಡೂಣು ಅನಸ್ತೈತಿ. ಒಮ್ಮೆ ನೀವೂ ಬರ್ರಲ್ಲ."

"ನಿಮಗ ಅಂಜಿಕಿ ಬರಂಗಿಲ್ಲೇನು?"

"ಅಂಜಿಕಿ?" ಅವನು ಆ ಪದವನ್ನು ಎಲ್ಲೋ ಕೇಳಿದವನಂತೆ ನಿಂತ. "ಮೊದಲ ಬರತಿತ್ತು ನೋಡ್ರಿ. ಈಗ ಟೋಪಿ ತಗದ್ರೂ ಒಂದ್ ತಾಸು ಎರಡ್ ತಾಸು ಬರಂಗಿಲ್ಲ. ರಜಾ ದಿನ ಇದ್ರ ಬ್ಯಾಸರ ಆಗತೈತಿ. ಅದಕ್ಕ ಬೈಕ್ ಓಡಸ್ತೀನಿ."

ಎಂಬತ್ತು ಅಂಕಿಯ ಮನುಷ್ಯ ಹೀಗೆ ಮಾತಾಡುವುದಿಲ್ಲ. ಹದಿನೆಂಟು ಅಂಕಿಯ ಮನುಷ್ಯ ಒಳಗೆ ಗೋಡೆಗೆ ಬೆನ್ನು ಕೊಟ್ಟು ಕೂತಿರುವುದಿಲ್ಲ. ಶಶಿಕಲಾ ಮೊದಲು ಕಂಪನಿಯ ಮೇಲೆ ಅನುಮಾನಪಟ್ಟಳು: ಅಂಕಿಗಳನ್ನು ಬೇಕೆಂದೇ ಅದಲುಬದಲು ಮಾಡಿ ತೋರಿಸುತ್ತಿದ್ದಾರೆ. ಆಮೇಲೆ ಭಾರ್ಗವಿಯ ಮೇಲೆ. ಆಮೇಲೆ, ರೊಟ್ಟಿ ಬಡಿಯುತ್ತ, ಈ ಇಬ್ಬರು ಗಂಡಸರು ಸೇರಿ ತನ್ನೊಬ್ಬಳನ್ನೇ ಆಟ ಆಡಿಸುತ್ತಿದ್ದಾರೆಯೇ ಎಂದು.

ಶುಕ್ರವಾರ ಕೆಲಸ ಮುಗಿದ ಮೇಲೆ ಅವಳು ಸ್ಟೋರಿಗೆ ಹೋದಳು. ಗೂಟಗಳಿಗೆ ಹೆಲ್ಮೆಟ್ಟುಗಳು ಸಾಲಾಗಿ ತೂಗುತ್ತಿದ್ದವು. ಹದಿನಾಲ್ಕನ್ನು ಇಳಿಸಿ, ಸುತ್ತ ನೋಡಿ, ಒಳಗೆ ಮೂಗಿಟ್ಟಳು. ಅತ್ತರು. ದಾವಲ ಶುಕ್ರವಾರದ ನಮಾಜಿಗೆ ಹಚ್ಚುವ ಅತ್ತರು. ಹದಿನೈದನ್ನು ಇಳಿಸಿದಳು. ಅದರೊಳಗೆ ನೀಲವ್ವ ದಾಸವಾಳದ ಎಲೆ ಹಾಕಿ ಕಾಯಿಸುವ ಎಣ್ಣೆಯ ವಾಸನೆ. ಅವಳ ಮನೆಯ ದಿಂಬಿನ ವಾಸನೆ.

*

"ನಿಮ್ಮ ಟೋಪಿಗೆ ದಾವಲನ ಅತ್ತರಿನ ವಾಸನಿ ಯಾಕ ಬರತೈತಿ?"

ಕಳಕಪ್ಪ ತುತ್ತು ಹಿಡಿದು ಅವಳ ಮುಖ ನೋಡಿದ. "ಗಂಡನ ಅಂಗಿ ಮೂಸೋ ಹೆಂಗಸರ ಬಗ್ಗೆ ಕೇಳಿದ್ದೆ. ಟೋಪಿ ಮೂಸೋಳು ನೀನ ಮೊದಲ."

"ಹೇಳ್ರಿ."

"ಹೇಳೋದೇನೈತಿ? ನಾ ತಂದದ್ದು ಅವನ ತಲಿಗೆ ಇಡ್ತೀನಿ, ಅಂವ ತಂದದ್ದು ನನ್ನ ತಲಿಗೆ. ಎಲ್ಲಾ ಜೋಡಿನೂ ಹಂಗ. ತನ್ನ ತಲಿ ಅಂದ್ರ ಮನಶ್ಯಾ ಹಗುರ ನೋಡತಾನ. ದೋಸ್ತನ ತಲಿ ಅಂದ್ರ ಪಟ್ಟಿ ನಾಕ್ ಸಲ ಜಗ್ಗಿ ನೋಡತಾನ. ಕಂಬದ ಬುಡಕ್ಕ ಮಾಡ್ತೀವಿ. ನಿನ್ನ ಕ್ಯಾಮೆರಾಕ್ಕ ಕಾಣಂಗಿಲ್ಲ."

"ಮೇಡಂಗ ಹೇಳೀರೇನು?"

"ಯಾರೂ ಕೇಳಿಲ್ಲಲ್ಲ."

ಶಶಿಕಲಾ ರೊಟ್ಟಿಯ ಬುಟ್ಟಿಯನ್ನು ಕೆಳಗಿಟ್ಟಳು. ತಿಂಗಳುಗಟ್ಟಲೆ ತಾನು ನೆಮ್ಮದಿಯಿಂದ ನೋಡಿದ ಹಸಿರು ಗೆರೆ ದಾವಲನದು. ಎಂಬತ್ತು ಮುಟ್ಟಿ ನಡುಗುತ್ತಿದ್ದ ಆ ಇನ್ನೊಂದು, ಅಯ್ಯೋ ಪಾಪ ಎಂದು ಪಕ್ಕಕ್ಕೆ ಸರಿಸಿದ್ದು, ಇದೋ ಇಲ್ಲಿ ಕೂತು ಉಣ್ಣುತ್ತಿದೆ.

"ಎಂಬತ್ತು ಇರತೈತಿ ನಿಮ್ಮದು," ಎಂದಳು. "ಒಮ್ಮೊಮ್ಮೆ ಎಂಬತ್ತೈದು. ಅಷ್ಟು ಅಂಜಿಕೋತ ಹತ್ತತೀರಿ. ಒಲ್ಲೆ ಅಂತ ಯಾಕ ಅನ್ನಂಗಿಲ್ಲ?"

ಕಳಕಪ್ಪ ತಟ್ಟೆಯಲ್ಲೇ ಕೈ ತೊಳೆದ. "ಅದು ನಂದಲ್ಲ," ಎಂದ.

"ಮತ್ತ್ಯಾರದು?"

"ದಾವಲ್ಯಾಂದು. ಅವನ ತಲಿಮ್ಯಾಗಿನ ಟೋಪಿ ಅವನ ಹೆದರಿಕಿ ತಗೀತೈತಿ. ತಗದದ್ದು ಎಲ್ಲಿ ಹೋಗಬೇಕು? ನನ್ನ ಟೋಪಿಗೆ ಬರತೈತಿ. ಎಲ್ಲಾರೂ ಇದನ್ನ ಅಂತಾರ, ಜೋಡಿಗೆ ಒಂದು ತಗಿಯೋದು, ಒಂದು ತುಂಬೋದು."

"ಹೆದರಿಕಿ ಏನ್ ನಳದ ನೀರೇನ್ರಿ, ಪೈಪಿನ್ಯಾಗ ಹರಿಯಾಕ?"

"ಕರೆಂಟ್ ಹರಿಯಂಗಿಲ್ಲೇನು? ಇಲ್ಲಿ ಗಾಳಿ ಬೀಸತೈತಿ, ಹುಬ್ಬಳ್ಳ್ಯಾಗ ದೀಪ ಹತ್ತತೈತಿ. ಗಾಳೀನ ಕಳಸಾಕ ಬರತೈತಿ ಅಂದ್ರ ಹೆದರಿಕಿ ಕಳಸಾಕ ಬರಂಗಿಲ್ಲೇನು?" ಅವನ ದನಿ ಏರಿತು. "ದಾವಲ್ಯಾನ ಹೆದರಿಕಿ ಸಲುವಾಗಿ ನಾ ಯಾಕ ಒಲ್ಲೆ ಅನ್ಲಿ?"

ಇನ್ನೊಂದು ಖಾಲಿ ಟೋಪಿ ಎಂದು ಕಂಪನಿ ಹೇಳಿದ್ದನ್ನು ಬಿಟ್ಟರೆ ಅವಳ ಬಳಿ ಬೇರೆ ಸಾಕ್ಷಿಯಿರಲಿಲ್ಲ. ಗಾಳಿಯಂತ್ರದ ಕೆಲಸಗಾರನ ತಲೆಗೆ ಇದಕ್ಕಿಂತ ಸರಿಯಾದ ತರ್ಕ ಇರಲು ಸಾಧ್ಯವಿರಲಿಲ್ಲ. ಇದನ್ನು ನಂಬಿಕೊಂಡಿದ್ದರೆ ಅವನು ಹೇಡಿಯಾಗುವುದೂ ತಪ್ಪುತ್ತಿತ್ತು. ತನ್ನ ಎದೆ ಹೊಡೆದುಕೊಳ್ಳುವುದನ್ನು ಬೇರೆಯವರ ಮನೆಯ ಬಾಗಿಲು ಬಡಿದಂತೆ ಕೇಳುತ್ತ, ಈ ಮನುಷ್ಯ ದಿನಾ ಮೇಲೆ ಹತ್ತುತ್ತಿದ್ದ.

*

ಶಶಿಕಲಾ ಹೇಳಿದ್ದೆಲ್ಲವನ್ನೂ ಭಾರ್ಗವಿ ಕೇಳಿಸಿಕೊಂಡರು. ಚಹಾ ಆರಿತು.

"ಎಲ್ಲ ಜೋಡಿಗಳೂ ಬದಲಾಯಿಸ್ಕೊತಾರಾ?"

"ಎಲ್ಲಾರೂ."

"ಅಂದ್ರೆ ನನ್ನ ಹತ್ರ ಇರೋ ಅಂಕಿಗಳೆಲ್ಲ ಬೇರೆಯವರ ಹೆಸರಿನಲ್ಲಿವೆ." ಅವರ ಮುಖದಲ್ಲಿ ಕಾಣಿಸಿದ್ದು ದುಃಖವೋ ಲೆಕ್ಕಾಚಾರವೋ ಶಶಿಕಲಾಗೆ ತಿಳಿಯಲಿಲ್ಲ. "ಇದನ್ನ ಇನ್ಯಾರಿಗೆ ಹೇಳಿದೀರಿ?"

ಆ ಪ್ರಶ್ನೆ ಅವಳಿಗೆ ಹಿಡಿಸಲಿಲ್ಲ.

"ಯಾರಿಗೂ ಇಲ್ರಿ. ಮೇಡಂ, ಒಂದ ಕೇಳತೀನಿ. ಹೆದರಿಕಿ ತುಂಬೋ ಟೋಪಿ ಐತೇನ್ರಿ?"

"ಇಲ್ಲ. ಅಂಥದ್ದು ಸಾಧ್ಯಾನೇ ಇಲ್ಲ. ಭಯದ ಹೆಸರನ್ನ ಅಳಿಸಬಹುದು, ಅಷ್ಟೇ. ಖಾಲಿ ಹೆಲ್ಮೆಟ್ ಅಂದ್ರೆ ಬರೀ ಪ್ಲಾಸ್ಟಿಕ್."

"ಹುಡುಗ್ರು ಐತಿ ಅಂತ ನಂಬ್ಯಾರ."

"ಗೊತ್ತು."

"ಗೊತ್ತಿದ್ದೂ ಹೇಳಲಿಲ್ಲ?"

ಭಾರ್ಗವಿ ಕಿಟಕಿಯ ಕಡೆ ತಿರುಗಿದರು. ಗುಡ್ಡದ ಮೇಲೆ ಬಿಳಿಯ ರೆಕ್ಕೆಗಳು ನಿಧಾನವಾಗಿ ಸುತ್ತುತ್ತಿದ್ದವು. "ಹೇಳಿದ್ರೆ ತಮ್ಮದು ಖಾಲಿಯೋ ನಿಜವೋ ಅಂತ ಒಂದೇ ದಿನದಲ್ಲಿ ಕಂಡುಹಿಡೀತಿದ್ರು. ಪ್ರಯೋಗ ಮುಗಿದುಹೋಗ್ತಿತ್ತು. ಆಫೀಸಿನವರಿಗೂ... ಯಾರೂ ಒಲ್ಲೆ ಅನ್ನದೇ ಇರೋದು ಸಾಕಾಗಿತ್ತು. ಯಾಕೆ ಅನ್ನೋದು ಅವರಿಗೆ ಬೇಕಿರಲಿಲ್ಲ." ಆಮೇಲೆ, "ಮಂಗಳವಾರ ಅವರಿಬ್ಬರೂ ಹತ್ತುತ್ತಾರಲ್ಲ, ನಾನೂ ಬಂದು ಪಕ್ಕದಲ್ಲಿ ಕೂತು ನೋಡ್ತೀನಿ. ಅಲ್ಲೀವರೆಗೆ ಸುಮ್ನಿರಿ."

ಸುಮ್ಮನಿರು ಎಂದರೆ ಗಂಡನನ್ನು ಇನ್ನೊಂದು ಸಲ ಹತ್ತಿಸು ಎಂದು. ಶಶಿಕಲಾ ಮನೆಗೆ ಹೋದವಳೇ ಕಳಕಪ್ಪನಿಗೆ ಹೇಳಿದಳು: ತುಂಬುವ ಟೋಪಿ ಇಲ್ಲವಂತೆ, ಮೇಡಂ ಬಾಯಿಂದಲೇ ಕೇಳಿದೆ.

"ಕಂಪನಿಯವರು ಇನ್ನೇನಂತಾರ?" ಎಂದು ಅವನು ಮಗ್ಗುಲು ಬದಲಿಸಿದ.

*

ಮಂಗಳವಾರ ಗಾಳಿ ಹೊಸ ಮಿತಿಗೆ ಸ್ವಲ್ಪ ಕೆಳಗಿತ್ತು. ಹಳೆಯ ಮಿತಿಗೆ ಬಹಳ ಮೇಲಿತ್ತು.

ಶಶಿಕಲಾ ಯಂತ್ರ ನಿಲ್ಲಿಸಿದಳು. ರೆಕ್ಕೆಗಳು ನಿಂತವು. ಕಂಬದ ಒಳಗಿನ ಏಣಿಯಲ್ಲಿ ಹತ್ತುವಷ್ಟು ಹೊತ್ತು ಪರದೆಯಲ್ಲಿ ಏನೂ ಕಾಣುವುದಿಲ್ಲ, ಉಕ್ಕಿನ ಗೋಡೆ ಸಂಕೇತವನ್ನು ನುಂಗಿಬಿಡುತ್ತದೆ. ಮೇಲೆ ಮುಟ್ಟಿದ ಮೇಲೆ ಎರಡೂ ಗೆರೆಗಳು ಒಟ್ಟಿಗೆ ಮೂಡಿದವು. ಹದಿನಾಲ್ಕನೇ ಹೆಲ್ಮೆಟ್ಟಿನ ಅಂಕಿ ಹದಿನೈದು. ಹದಿನೈದನೆಯದರದು ಎಂಬತ್ತೆಂಟು.

ಭಾರ್ಗವಿ ಕುರ್ಚಿ ಎಳೆದು ಹತ್ತಿರ ಕೂತರು.

ಕೆಳಗಿನ ಗೆರೆ ಇನ್ನೂ ಇಳಿಯಿತು. ಹನ್ನೊಂದು. ವಾಕಿಟಾಕಿಯಲ್ಲಿ ಗಾಳಿಯ ಮೊರೆತ, ಅದರೊಳಗೆ ಯಾರೋ ನಗುತ್ತಿರುವ ಸದ್ದು.

"ಹನ್ನೊಂದು ನಾನು ನೋಡೇ ಇಲ್ಲ," ಎಂದರು ಭಾರ್ಗವಿ. "ನಿದ್ದೆಯಲ್ಲೂ ಇಷ್ಟು ಕಡಿಮೆ ಇರಲ್ಲ."

ಮೇಲಿನ ಗೆರೆ ತೊಂಬತ್ತೊಂದು. ಶಶಿಕಲಾ ಮೈಕು ಎತ್ತಿಕೊಂಡಳು. ಹೆಲ್ಮೆಟ್ ನಂಬರಿನಿಂದಲೇ ಕರೆಯಬೇಕೆಂಬುದು ನಿಯಮ. ಯಾವ ನಂಬರಿನಿಂದ ಕರೆಯಬೇಕೆಂದು ಅವಳಿಗೆ ತಿಳಿಯಲಿಲ್ಲ.

"ರೀ," ಎಂದಳು.

ಗುಡ್ಡದುದ್ದಕ್ಕೂ ಬೇರೆಬೇರೆ ಕಂಬಗಳಲ್ಲಿದ್ದ ಮೂರ್ನಾಲ್ಕು ಗಂಡಸರು ಒಟ್ಟಿಗೆ "ಹಾಂ?" ಅಂದರು.

"ನೀವಲ್ರಿ. ನಮ್ಮನೆಯವರು." ಭಾರ್ಗವಿ ಮೈಕಿಗೆ ಕೈ ಚಾಚಿದರು. ಶಶಿಕಲಾ ಮೈಕನ್ನು ಎದೆಗೆ ಒತ್ತಿಕೊಂಡು ಆಚೆ ತಿರುಗಿದಳು. "ಕೇಳ್ರಿ ಇಲ್ಲೆ. ಎಲ್ಲಾರೂ ಕೇಳ್ರಿ. ಹೆದರಿಕಿ ತುಂಬೋ ಟೋಪಿ ಇಲ್ಲ. ತಗಿಯೋದು ಒಂದು, ಖಾಲಿ ಒಂದು. ಮೇಡಂ ಇಲ್ಲೇ ಕುಂತಾರ, ಬ್ಯಾಡ ಅಂತ ಕೈ ಹಿಡಿಯಾಕತ್ತಾರ, ಅದಕ್ಕ ನಂಬ್ರಿ. ಈಗ ನಿಮಗ ಬಂದಿರೋ ಹೆದರಿಕಿ ನಿಮ್ಮದ."

ಗಾಳಿ ಮಾತ್ರ ಕೇಳಿಸಿತು. ಆಮೇಲೆ ಕಳಕಪ್ಪನ ದನಿ, ಬಹಳ ಸಣ್ಣಗೆ: "ಹೌದೇನು?"

"ಹೌದ್ರಿ."

"ಹಂಗಾದ್ರ ನಾ ಒಲ್ಲೆ. ಇಳಿತೀನಿ." ಬಳಿಕ, "ಆದ್ರ ದಾವಲ್ಯಾ ಬರವಲ್ಲ. ಸೊಂಟದ ಹಗ್ಗದ ಕೊಂಡಿ ಬಿಚ್ಯಾನ. ತುದಿಗೆ ನಿಂತು ಕೈ ಚಾಚ್ಯಾನ."

ದೂರದಲ್ಲಿ ದಾವಲನ ದನಿ: "ಕಳಕ್ಯಾ, ಬಾರಲೇ! ಇಲ್ನೋಡ ಎಷ್ಟ್ ತಂಪೈತಿ!"

ಭಾರ್ಗವಿ ಎದ್ದು ನಿಂತಿದ್ದರು. "ಅವನ ಹೆಲ್ಮೆಟ್ ತೆಗೆಸಬೇಕು. ಆಗಷ್ಟೇ ಕೇಳ್ತಾನೆ."

"ಟೋಪಿ ತಗದ್ರೂ ಎರಡ್ ತಾಸು ಬರಂಗಿಲ್ಲ ಅಂತ ಅವನ ಹೇಳ್ಯಾನ."

"ಅದು ನೆಲದ ಮೇಲೆ. ಅಲ್ಲಿ ಬರುತ್ತೆ. ಬರಬೇಕು." ಅವರ ದನಿಯಲ್ಲಿ ಖಚಿತತೆ ಇರಲಿಲ್ಲ. "ನನಗೆ ಗೊತ್ತಿಲ್ಲ ಶಶಿಕಲಾ."

ತೆಗೆಸಬೇಕೆಂದರೆ ಯಾರಾದರೂ ತುದಿಯವರೆಗೆ ಹೋಗಬೇಕು. ಅಲ್ಲಿದ್ದದ್ದು ಒಬ್ಬನೇ.

"ಏನ್ ಮಾಡ್ಲಿ?" ಎಂದು ಕಳಕಪ್ಪ ಕೇಳಿದ. ಮದುವೆಯಾದಾಗಿನಿಂದ ಅವನು ತನ್ನನ್ನು ಹಾಗೆ ಕೇಳಿದ್ದು ಅವಳಿಗೆ ನೆನಪಿರಲಿಲ್ಲ.

ಇಳಿದು ಬರ್ರಿ ಎಂದರೆ ಅವನು ಇಳಿಯುತ್ತಾನೆ, ಜೀವಂತ ಮನೆಗೆ ಬರುತ್ತಾನೆ. ಆ ಮಾತು ಅವಳ ನಾಲಿಗೆಯ ಮೇಲೆಯೇ ಇತ್ತು. ಪರದೆಯಲ್ಲಿ ಗೆರೆ ತೊಂಬತ್ತನಾಲ್ಕು.

"ಅಂಜಿಕಿ ಐತೇನ್ರಿ?"

"ಬಾಳ ಐತಿ."

"ಎಷ್ಟು?"

"ಉಚ್ಚಿ ಬರುವಷ್ಟು."

"ಹಂಗಾದ್ರ ಹೋಗ್ರಿ," ಎಂದಳು. "ನಿಮ್ಮ ಕೊಂಡಿ ಮಾತ್ರ ಬಿಚ್ಚಬ್ಯಾಡ್ರಿ."

ಒಂದು ಗೆರೆ ಮೇಲೆ, ಒಂದು ಗೆರೆ ಕೆಳಗೆ. ಗಾಳಿ ಒಮ್ಮೆ ಏರಿ ಪರದೆಯ ಮೂಲೆಯಲ್ಲಿ ಕೆಂಪು ದೀಪ ಮಿನುಗಿತು. ಯಾರೋ ಕೂಗಿದರು. ಏನೋ ಲೋಹಕ್ಕೆ ಬಡಿಯಿತು. ಹದಿನಾಲ್ಕನೆಯ ಗೆರೆ ಹನ್ನೊಂದರಿಂದ ನೇರವಾಗಿ ಸೊನ್ನೆಗೆ ಬಿತ್ತು.

ಸೊನ್ನೆ ಎಂದರೆ ತಲೆ ಇಲ್ಲದ ಹೆಲ್ಮೆಟ್, ಇಲ್ಲವೇ ಎದೆಬಡಿತ ಇಲ್ಲದ ತಲೆ. ಯಂತ್ರಕ್ಕೆ ಎರಡೂ ಒಂದೇ.

ಸ್ವಲ್ಪ ಹೊತ್ತಿಗೆ ಹದಿನೈದನೆಯ ಗೆರೆಯೂ ಅಳಿಸಿಹೋಯಿತು. ಅವನು ಕಂಬದೊಳಗೆ ಇಳಿದಿದ್ದರೂ ಹೀಗೆಯೇ ಅಳಿಸುತ್ತದೆ. ಬಿದ್ದಿದ್ದರೂ.

"ರೀ," ಎಂದಳು. "ರೀ." ವಾಕಿಟಾಕಿ ಸುಮ್ಮನೆ ಸುಯ್ಯೆಂದಿತು.

ಭಾರ್ಗವಿ ಪರದೆಯನ್ನೇ ನೋಡುತ್ತಿದ್ದರು. ಅಲ್ಲಿ ನೋಡಲು ಏನೂ ಇರಲಿಲ್ಲ. ಶಶಿಕಲಾ ಗೋಡೆಯಿಂದ ಜೀಪಿನ ಕೀಲಿ ಕಿತ್ತುಕೊಂಡು ಓಡಿದಳು.

*

ಕಂಬದ ಸುತ್ತ ಒಂದು ಸುತ್ತು ಹಾಕಿದಳು. ನೆಲದ ಮೇಲೆ, ಕುರುಚಲು ಗಿಡಗಳ ನಡುವೆ, ಒಂದು ಹಳದಿ ಹೆಲ್ಮೆಟ್ ಬೋರಲಾಗಿ ಬಿದ್ದಿತ್ತು. ಅವಳು ಅದರ ನಂಬರ್ ನೋಡಲು ಬಾಗಲಿಲ್ಲ. ಇನ್ನೇನೂ ಬಿದ್ದಿರಲಿಲ್ಲ. ಇನ್ನೇನೂ ಕಾಣುತ್ತಿರಲಿಲ್ಲ, ಇಷ್ಟನ್ನೇ ಹೇಳಬಹುದಿತ್ತು. ಗಿಡಗಳು ಎದೆಮಟ್ಟ ಬೆಳೆದಿದ್ದವು.

ಬಾಗಿಲು ತೆರೆದು ಕಂಬದೊಳಗೆ ಹೋದಳು. ಮೇಲೆ ಕತ್ತಲೆ. ದೀಪಗಳು ಒಂದಷ್ಟು ದೂರ ಹೋಗಿ ಮುಗಿದಿದ್ದವು. ಕೂಗಿದಳು. ತನ್ನದೇ ದನಿ ಉಕ್ಕಿನ ಕೊಳವೆಯಲ್ಲಿ ಸುತ್ತಿ, ಯಾರದೋ ದನಿಯಾಗಿ, ಕೆಳಗೆ ಬಂತು. ಕೇಳಿಸಿಕೊಂಡಳು. ಗಾಳಿ ಇರಬಹುದು. ಮಾತು ಇರಬಹುದು. "ಒಂದ ಮೆಟ್ಟ... ನನಗೂ ಅಂಜಿಕಿ ಐತಿ, ಸುಮ್ನ ಕಾಲಿಡಲೇ" ಎಂದು ಕಳಕಪ್ಪ ಅಂದಂತೆ ಅನ್ನಿಸಿತು. ಅನ್ನಿಸಿದ್ದನ್ನು ನಂಬುವ ಧೈರ್ಯ ಅವಳಿಗಿರಲಿಲ್ಲ. ಕೇಳಬೇಕೆಂದಿದ್ದದ್ದನ್ನೇ ಕಿವಿ ಕೇಳಿಸಿಕೊಳ್ಳುತ್ತದೆ.

ಎರಡೂ ಕೈಯಿಂದ ಏಣಿಯನ್ನು ಹಿಡಿದಳು. ತಣ್ಣಗಿನ ಲೋಹ. ಅದರೊಳಗೆ ಏನೋ ನಡುಗುತ್ತಿತ್ತು.

ಏಣಿಯೋ, ತನ್ನ ಕೈಯೋ?

ಕೈ ತೆಗೆದು ಮುಖದ ಮುಂದೆ ಹಿಡಿದು ನೋಡಿದಳು. ಕೈ ನಡುಗುತ್ತಿತ್ತು. ಅದನ್ನು ಸೀರೆಯ ಸೆರಗಿಗೆ ಒರೆಸಿ, ಮುಷ್ಟಿ ಬಿಗಿದು, ನಿಲ್ಲುವವರೆಗೆ ಕಾದಳು. ಬಹಳ ಹೊತ್ತು ಹಿಡಿಯಿತು. ನಿಂತ ಮೇಲೆ ಒಂದೇ ಬೆರಳನ್ನು ಏಣಿಯ ಮೇಲೆ ಇಟ್ಟಳು.

ಏಣಿ ನಡುಗುತ್ತಿತ್ತು. ಒಂದು ಹೆಜ್ಜೆ, ಸ್ವಲ್ಪ ತಡೆದು ಅದರ ಹಿಂದೆ ಇನ್ನೊಂದು, ಹಗುರವಾದದ್ದು. ಮತ್ತೆ ಒಂದು. ಮತ್ತೆ ಇನ್ನೊಂದು.